ಡೈನೋದಲ್ಲಿ 79 ಬಿಎಚ್‌ಪಿ ಬಂತು, ಆದರೆ 4,800ರಲ್ಲಿ ಮಿಕ್ಸ್ಚರ್ ಲೀನ್. ಈ ಶೀಟ್ ಓದುವುದು ಹೇಗೆ?

ತುಂಗಾತೀರದ ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಸ್ವಿಫ್ಟ್, 1.3 ಪೆಟ್ರೋಲ್. ಚಿಕ್ಕಪ್ಪನಿಂದ ನನಗೆ ಬಂದ ಗಾಡಿ. ಎಂಜಿನ್ ಒಳಗೆ ಏನೂ ಮುಟ್ಟಿಲ್ಲ. ಹೊರಗೆ 4-2-1 ಹೆಡರ್ (ಎಂಜಿನ್‌ನಿಂದ ಹೊಗೆ ಹೊರಗೆ ತರುವ ಮ್ಯಾನಿಫೋಲ್ಡ್), ಅದಕ್ಕೆ ತಕ್ಕ ಎಕ್ಸಾಸ್ಟ್ ಪೈಪ್, ಓಪನ್ ಏರ್ ಫಿಲ್ಟರ್, ಜೊತೆಗೆ ಒಂದು ಪಿಗ್ಗಿಬ್ಯಾಕ್ ಬಾಕ್ಸ್ (ಎಂಜಿನ್ ಕಂಪ್ಯೂಟರ್‌ಗೆ ಹೋಗುವ ಸಿಗ್ನಲ್ ಬದಲಾಯಿಸುವ ಪೆಟ್ಟಿಗೆ) ಇದೆ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಕಂಪನಿಯದ್ದೇ. ಬಾಕ್ಸ್ ಸೆಟ್ ಮಾಡಿಸಿದ್ದು 2021ರಲ್ಲಿ, ಡೈನೋ (ಗಾಡಿಯನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಇಲ್ಲದೆ, ರಸ್ತೆಯಲ್ಲೇ ಓಡಿಸಿ.

ಮೊನ್ನೆ ಬೆಂಗಳೂರಿಗೆ ಹೋದಾಗ ಡೈನೋ ಮೇಲೆ ಹತ್ತಿಸಿದೆ. 4ನೇ ಗೇರ್‌ನಲ್ಲಿ ಫುಲ್ ಥ್ರಾಟಲ್. ವ್ಹೀಲ್ ಮೇಲೆ 79.4 ಬಿಎಚ್‌ಪಿ ಬಂತು, 6,100 ಆರ್‌ಪಿಎಂನಲ್ಲಿ. ಟಾರ್ಕ್ ಜಾಸ್ತಿ ಇರುವುದು 4,400ರಲ್ಲಿ, 104 ಎನ್‌ಎಂ. ಶೀಟಿನ ಕೆಳಗೆ 'ಎಸ್‌ಎಇ, ಫ್ಯಾಕ್ಟರ್ 1.13' ಎಂದು ಬರೆದಿದೆ, ಅಂದರೆ ಗಾಳಿಯ ಒತ್ತಡ, ಉಷ್ಣತೆಗೆ ಹೊಂದಿಸಿದ ಕರೆಕ್ಷನ್.

ಮಿಕ್ಸ್ಚರ್, ಅಂದರೆ ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಎನ್ನುವ ಅಂಕಿ (ಎಎಫ್‌ಆರ್), ಹೀಗೆ ಬಂದಿದೆ. ಅಂಕಿ ಏರಿದರೆ ಲೀನ್ (ಪೆಟ್ರೋಲ್ ಕಡಿಮೆ), ಇಳಿದರೆ ರಿಚ್. 3,000ದಲ್ಲಿ 12.9. 4,000ದಲ್ಲಿ 13.1. 4,400ರಲ್ಲಿ 13.4. 4,800ರಲ್ಲಿ 14.1. 5,200ರಲ್ಲಿ 14.0. 5,600ರಲ್ಲಿ 13.3. 6,100ರಲ್ಲಿ 12.7. ಟಾರ್ಕ್ 4,800ರಲ್ಲೂ 103 ಇದೆ, 5,200ರಲ್ಲಿ 99.

ಡೈನೋ ಹುಡುಗರು "ನಂಬರ್ ಚೆನ್ನಾಗಿದೆ ಸರ್" ಎಂದು ಕಳಿಸಿಕೊಟ್ಟರು. ಆ 14.1 ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಆಗುಂಬೆ ಘಾಟಿ ಹತ್ತುವಾಗ ಒಮ್ಮೊಮ್ಮೆ ಸಣ್ಣಗೆ ನಾಕಿಂಗ್ ಸದ್ದು (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು) ಬೇರೆ ಕೇಳಿಸುತ್ತದೆ. ಪೆಟ್ರೋಲ್ ಜಾಸ್ತಿ ಮಾಡಿಸಬೇಕಾ, ಅಥವಾ ಬೇರೆ ಏನಾದರೂ ತೊಂದರೆ ಇದೆಯಾ?

ಭದ್ರಾವತಿ ಬೋಲ್ಟ್

ಅಣ್ಣ, 79 ವ್ಹೀಲ್ ಅಂದ್ರೆ ಕ್ರ್ಯಾಂಕ್‌ನಲ್ಲಿ 93 ಆಯ್ತಲ್ವಾ? ಕಂಪನಿ 87 ಕೊಟ್ಟಿದ್ದು. ಸೂಪರ್. ಲೀನ್ ಇರೋ ಜಾಗದಲ್ಲಿ ಪೆಟ್ರೋಲ್ ಸೇರಿಸಿದ್ರೆ ವ್ಹೀಲ್ ಮೇಲೇ 85 ಬರುತ್ತೆ ಅನ್ಸುತ್ತೆ.

ಹಳೇ ಸ್ಪ್ಯಾನರ್

ತಮ್ಮಾ, ಅಷ್ಟು ಬೇಗ ಪೆಟ್ರೋಲ್ ಸೇರಿಸಬೇಡಿ. ಮೀಟರ್ ಲೀನ್ ತೋರಿಸಿದ ಮಾತ್ರಕ್ಕೆ ಎಂಜಿನ್ ಲೀನ್ ಇದೆ ಎಂದಾಗುವುದಿಲ್ಲ. ಸೆನ್ಸರ್ ನೋಡುವುದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಪ್ಲಗ್ ಸವೆದು ಮಿಸ್‌ಫೈರ್ ಆದರೆ ಉರಿಯದ ಗಾಳಿ ಹಾಗೇ ಹೊರಗೆ ಬರುತ್ತದೆ, ಸೆನ್ಸರ್ ಅದನ್ನೂ ಲೀನ್ ಅನ್ನುತ್ತದೆ. ಪೆಟ್ರೋಲ್ ಪೂರ್ತಿ ಇದ್ದರೂ ಹಾಗೇ. ಮೊದಲು ನಾಲ್ಕು ಪ್ಲಗ್ ಬಿಚ್ಚಿ ನೋಡಿ, ಕಾಯಿಲ್ ನೋಡಿ. ಆಮೇಲೆ ಫ್ಯುಯಲ್ ಪ್ರೆಷರ್. 2008ರ ಗಾಡಿ, ಟ್ಯಾಂಕ್ ಒಳಗಿನ ಫಿಲ್ಟರ್ ಯಾವತ್ತಾದರೂ ಬದಲಾಗಿದೆಯಾ?

ಅಡಿಕೆ ತೋಟದ ಜಿಪ್ಸಿ

ನನ್ನ ಜಿಪ್ಸಿಯಲ್ಲೂ ಇದೇ ಜಿ13ಬಿಬಿ ಎಂಜಿನ್. ಹೆಡರ್ ಹಾಕಿಸಿದ ಮೇಲೆ ಹೆಡ್ ಹತ್ತಿರದ ಗ್ಯಾಸ್ಕೆಟ್ ಲೀಕ್ ಆಗುತ್ತಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ಲೀನ್ ತೋರಿಸುತ್ತಿತ್ತು. ನಿಮ್ಮದೂ ಅದೇ ಇರಬಹುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಟಿಕ್ ಟಿಕ್ ಸದ್ದು ಬರುತ್ತದಾ ಕೇಳಿ.

ಲ್ಯಾಂಬ್ಡಾ ಒಂದು

ನಾನು ಸಾಗರದವನು, ಈಗ ಬೆಂಗಳೂರಿನಲ್ಲಿ ಎಂಜಿನ್ ಕ್ಯಾಲಿಬ್ರೇಶನ್ ಕೆಲಸ ಮಾಡುತ್ತೇನೆ. ಈ ಶೀಟ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಶೀಟಿನಲ್ಲಿ ಎಲ್ಲರ ಕಣ್ಣು ಹೋಗುವುದು 79.4 ಮೇಲೆ. ಈ ಪ್ರಶ್ನೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಟಾರ್ಕ್ ಗೆರೆ ಮತ್ತು ಮಿಕ್ಸ್ಚರ್ ಗೆರೆ ಎರಡನ್ನೂ ಒಂದೇ ಆರ್‌ಪಿಎಂನಲ್ಲಿ ಒಟ್ಟಿಗೆ ನೋಡಬೇಕು. ಲೀನ್ ಆದ ಜಾಗದಲ್ಲಿ ಟಾರ್ಕ್ ಕುಸಿದಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಬೆಂಕಿ ಸರಿಯಾಗಿ ಹತ್ತುತ್ತಿಲ್ಲ. ಲೀನ್ ಆದ ಜಾಗದಲ್ಲೇ ಟಾರ್ಕ್ ಚೆನ್ನಾಗಿದ್ದರೆ ಅಲ್ಲಿ ಗಾಳಿ ಜಾಸ್ತಿ ಬಂದಿದೆ. ನಿಮ್ಮದು ಎರಡನೆಯ ಥರ. 4,800ರಲ್ಲಿ 103 ಎನ್‌ಎಂ ಬಿಡದೆ ನಿಂತಿದೆ.

ಸ್ಪ್ಯಾನರ್ ಅಣ್ಣ ಹೇಳಿದ್ದನ್ನು ಪರೀಕ್ಷೆ ಮಾಡಲೇಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಗೆರೆಯ ಆಕಾರ ನೋಡಿ. ಪಂಪ್ ಅಥವಾ ಫಿಲ್ಟರ್ ತೊಂದರೆ ಇದ್ದರೆ ಆರ್‌ಪಿಎಂ ಏರಿದಷ್ಟೂ ಲೀನ್ ಆಗುತ್ತಾ ಹೋಗಬೇಕು. ಯಾಕಂದರೆ ನಿಮಿಷಕ್ಕೆ ಬೇಕಾದ ಪೆಟ್ರೋಲ್ ಮೇಲೆ ಹೋದಂತೆ ಜಾಸ್ತಿಯಾಗುತ್ತದೆ. ಇಲ್ಲಿ 6,100ಕ್ಕೆ ಬರುವಷ್ಟರಲ್ಲಿ ಮತ್ತೆ 12.7 ಆಗಿದೆ. ಮೇಲೆ ಸಾಲುವ ಪಂಪ್ ಮಧ್ಯದಲ್ಲಿ ಸಾಲದೇ ಹೋಗುವುದಿಲ್ಲ. ಹೆಡರ್ ಲೀಕ್ ಕೂಡ ಕಷ್ಟ. ಲೀಕ್ ಜಾಸ್ತಿ ಕಾಣುವುದು ಐಡಲ್ ಮತ್ತು ಕಡಿಮೆ ಆರ್‌ಪಿಎಂನಲ್ಲಿ. ಹೊಗೆಯ ಹರಿವು ಕಡಿಮೆ ಇರುವಾಗ ಎರಡು ಹೊಡೆತಗಳ ನಡುವೆ ಪೈಪು ಹೊರಗಿನ ಗಾಳಿಯನ್ನು ಎಳೆಯುತ್ತದೆ. ಫುಲ್ ಥ್ರಾಟಲ್‌ನಲ್ಲಿ ಒಳಗಿನ ಒತ್ತಡ ಹೊರಗೆ ತಳ್ಳುವುದೇ ಹೆಚ್ಚು. 3,000ದಲ್ಲಿ 12.9 ಇರುವ ಎಂಜಿನ್‌ಗೆ 4,800ರಲ್ಲಿ ಮಾತ್ರ ಲೀಕ್ ಶುರುವಾಗುವುದಿಲ್ಲ.

ಹಾಗಾದರೆ ಕಾರಣ ಏನು? ಈ ಎಂಜಿನ್ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಗಾಳಿಯ ಉಷ್ಣತೆ, ಆರ್‌ಪಿಎಂ ಇವನ್ನು ನೋಡಿ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ಸಿಲಿಂಡರ್ ಎಷ್ಟು ತುಂಬುತ್ತದೆ ಎನ್ನುವುದು ಕಂಪನಿ ಬರೆದಿಟ್ಟ ಟೇಬಲ್‌ನಲ್ಲಿದೆ. ಆ ಟೇಬಲ್ ಕಂಪನಿಯ ಹಳೇ ಮ್ಯಾನಿಫೋಲ್ಡಿಗೆ ಬರೆದದ್ದು. ಈಗ ಹೆಡರ್ ಬಂದು 4,400ರಿಂದ 5,400ರ ಹತ್ತಿರ ಹೊಗೆಯನ್ನು ಚೆನ್ನಾಗಿ ಎಳೆಯುತ್ತಿದೆ, ಸಿಲಿಂಡರ್ ಮುಂಚೆಗಿಂತ ಜಾಸ್ತಿ ತುಂಬುತ್ತಿದೆ. ಫುಲ್ ಥ್ರಾಟಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ ಹೇಗೂ ಹೊರಗಿನ ಗಾಳಿಯ ಒತ್ತಡಕ್ಕೆ ಹತ್ತಿರವೇ ಇರುತ್ತದೆ. ಹೆಡರ್ ಹಾಕಿದ್ದು ಮ್ಯಾಪ್ ಸೆನ್ಸರ್‌ಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಇಸಿಯು ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತಿದೆ.

ಹಳೇ ಸ್ಪ್ಯಾನರ್

ಇದು ಸರಿಯಾಗಿ ಹೇಳಿದಿರಿ. ಎಲೆಗೆ ಅನ್ನ ಜಾಸ್ತಿ ಬಡಿಸಿ ಸಾರು ಮಾತ್ರ ಮುಂಚಿನಷ್ಟೇ ಹಾಕಿದ ಹಾಗೆ. ನಾವು ಕಾರ್ಬುರೇಟರ್ ಕಾಲದಲ್ಲಿ ಜೆಟ್ ಬದಲಾಯಿಸಿ, ಪ್ಲಗ್ ಬಣ್ಣ ನೋಡಿ ಇದನ್ನು ಕಂಡುಹಿಡಿಯುತ್ತಿದ್ದೆವು. ಈಗಿನ ಪೆಟ್ರೋಲ್‌ನಲ್ಲಿ ಪ್ಲಗ್ ಬಣ್ಣ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಅದನ್ನೊಂದೇ ನಂಬಬೇಡಿ. ಆದರೂ ಪಿಂಗಾಣಿ ಮೇಲೆ ಸಣ್ಣ ಕಪ್ಪು ಚುಕ್ಕೆ, ಅಲ್ಯೂಮಿನಿಯಂ ಮಿಂಚು ಕಂಡರೆ ನಾಕಿಂಗ್ ಆಗಿದೆ ಎಂದೇ ಅರ್ಥ. ಅದು ಈಗಲೂ ನಿಜ.

ಭದ್ರಾವತಿ ಬೋಲ್ಟ್

ಒಂದು ಡೌಟ್ ಅಣ್ಣ. ನಮ್ಮ ಫ್ರೆಂಡ್ ಮಂಗಳೂರಲ್ಲಿ ಸ್ಟಾಕ್ ಸ್ವಿಫ್ಟ್‌ದು ನಂಬರ್ ತೆಗೆಸಿದ್ದ, ಕರೆಕ್ಷನ್ ಇಲ್ದೆ 74 ಬಂದಿತ್ತು. ಇವರದ್ದು ಕರೆಕ್ಷನ್ ತೆಗೆದ್ರೆ ಎಷ್ಟಾಗುತ್ತೆ?

ಲ್ಯಾಂಬ್ಡಾ ಒಂದು

79.4ನ್ನು 1.13ರಿಂದ ಭಾಗಿಸಿ. ಸುಮಾರು 70. ಅವತ್ತು ಬೆಂಗಳೂರಿನಲ್ಲಿ ರೋಲರ್ ನಿಜವಾಗಿ ಕಂಡದ್ದು ಅಷ್ಟೇ.

ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 907 ಮಿಲಿಬಾರ್ ಆಸುಪಾಸು. ಎಸ್‌ಎಇ ಜೆ1349 ಲೆಕ್ಕ 990 ಮಿಲಿಬಾರ್ ಒಣ ಗಾಳಿ, 25 ಡಿಗ್ರಿಗೆ ಹೊಂದಿಸುತ್ತದೆ. ಮಂಗಳೂರು ಸಮುದ್ರ ಮಟ್ಟದಲ್ಲೇ ಇದೆ, ಅಲ್ಲಿ ಕರೆಕ್ಷನ್ ಹೆಚ್ಚೇನೂ ಬೇಕಾಗುವುದಿಲ್ಲ. ಹಾಗಾಗಿ ಅವರ 74ನ್ನು ಇವರ 79ರ ಜೊತೆ ಹೋಲಿಸಬಹುದು, 70ರ ಜೊತೆ ಹೋಲಿಸಬಾರದು. ಅದೂ ಅಂದಾಜಿಗೆ ಮಾತ್ರ. ಡೈನೋ ಬೇರೆ, ಟೈರ್ ಬೇರೆ, ಟೈರ್ ಗಾಳಿ ಬೇರೆ, ಗಾಡಿ ಕಟ್ಟಿದ ಬಿಗಿ ಬೇರೆ. 'ಎಸ್‌ಟಿಡಿ' ಎಂದು ಬರೆದಿರುವ ಶೀಟ್ ಆದರೆ ಇನ್ನೊಂದು ಸುಮಾರು 4% ಜಾಸ್ತಿ ತೋರಿಸುತ್ತದೆ. ಶೀಟಿನ ಕೆಳಗಿನ ಆ ಸಣ್ಣ ಅಕ್ಷರಗಳನ್ನು ಮೊದಲು ಓದಬೇಕು.

ಶಿವಮೊಗ್ಗ ಸುಮಾರು 570 ಮೀಟರ್. ಒತ್ತಡ ಬೆಂಗಳೂರಿಗಿಂತ ಸುಮಾರು 4% ಜಾಸ್ತಿ. ಇದೇ ಗಾಡಿ ನಿಮ್ಮೂರಲ್ಲಿ 73 ಆಸುಪಾಸು ಕೊಡುತ್ತದೆ. ಮಳೆಗಾಲದಲ್ಲಿ ಅದೂ ಸ್ವಲ್ಪ ಇಳಿಯುತ್ತದೆ. 25 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವವಾಗಿದ್ದರೆ ಸುಮಾರು 3% ಜಾಗವನ್ನು ನೀರಿನ ಆವಿಯೇ ತಿನ್ನುತ್ತದೆ, ಅಷ್ಟು ಆಮ್ಲಜನಕ ಕಡಿಮೆ.

ಕ್ರ್ಯಾಂಕ್ 93 ಎನ್ನುವುದು 15% ನಷ್ಟ ಎಂದು ನಾವು ಅಂದುಕೊಂಡು ಮಾಡಿದ ಲೆಕ್ಕ. ಅದನ್ನು ಯಾರೂ ಅಳೆದಿಲ್ಲ. ವ್ಹೀಲ್ ನಂಬರಿನಲ್ಲೇ ಮಾತಾಡೋಣ.

ಆಗುಂಬೆ ಏರು

ನಂಬರ್ ವಿಚಾರ ಬಿಡಿ, ಆ ನಾಕಿಂಗ್ ಮಾತು ನನಗೆ ಮುಖ್ಯ ಅನ್ನಿಸಿತು. ನಾನು ಸೋಮೇಶ್ವರದಿಂದ ಆಗುಂಬೆಗೆ ವಾರವಾರ ಹತ್ತುವವನು. ಡೈನೋದಲ್ಲಿ ಒಂದು ಪುಲ್ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಮುಂದೆ ದೊಡ್ಡ ಫ್ಯಾನ್ ಇರುತ್ತದೆ. ಘಾಟಿಯಲ್ಲಿ ಹಾಗಲ್ಲ. 14 ಹೇರ್‌ಪಿನ್, ಎರಡನೇ ಗೇರ್, ಮುಂದೆ ಲಾರಿ, ಗಾಳಿ ಇಲ್ಲ. ಲಾರಿ ದಾಟಲು ಪೂರ್ತಿ ತುಳಿದರೆ ಎಂಜಿನ್ ಹೋಗಿ ನಿಲ್ಲುವುದು 4,500, 5,000ದಲ್ಲೇ. ನಿಮ್ಮ ಗಾಡಿ ಲೀನ್ ಇರುವುದೂ ಅಲ್ಲೇ. ಬಾನೆಟ್ ಒಳಗಿನ ಓಪನ್ ಫಿಲ್ಟರ್ ಆ ಹೊತ್ತಿಗೆ ಬಿಸಿ ಗಾಳಿಯನ್ನೇ ಎಳೆಯುತ್ತಿರುತ್ತದೆ. ಡೈನೋದಲ್ಲಿ ನಾಕಿಂಗ್ ಕೇಳಲಿಲ್ಲ ಎಂದು ಘಾಟಿಯಲ್ಲಿ ಆಗುವುದಿಲ್ಲ ಎಂದುಕೊಳ್ಳಬೇಡಿ. ಸರಿಯಾಗುವವರೆಗೆ ಪೂರ್ತಿ ತುಳಿಯಬೇಡಿ, ದಯವಿಟ್ಟು.

ಲ್ಯಾಂಬ್ಡಾ ಒಂದು

ಏರು ಅವರ ಮಾತು ನೂರಕ್ಕೆ ನೂರು ಸರಿ. ಟಾರ್ಕ್ ಜಾಸ್ತಿ ಇರುವ ಕಡೆಯೇ ಸಿಲಿಂಡರ್ ಒತ್ತಡವೂ ಜಾಸ್ತಿ, ನಾಕಿಂಗ್ ಭಯವೂ ಅಲ್ಲೇ. ಪೆಟ್ರೋಲ್ ಎಲ್ಲಿ ಸ್ವಲ್ಪ ಜಾಸ್ತಿ ಇರಬೇಕೋ ಅಲ್ಲೇ ಇವರಿಗೆ ಕಡಿಮೆ ಇದೆ.

ಇನ್ನು ಆ 14.1 ಎನ್ನುವ ಅಂಕಿ. ಡೈನೋದವರ ವೈಡ್‌ಬ್ಯಾಂಡ್ ಸೆನ್ಸರ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾ, ಅಂದರೆ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎನ್ನುವುದು. 1ಕ್ಕಿಂತ ಕಡಿಮೆ ಇದ್ದರೆ ರಿಚ್, ಜಾಸ್ತಿ ಇದ್ದರೆ ಲೀನ್. ಮೀಟರ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ. 14.7 ಎನ್ನುವುದು ಎಥನಾಲ್ ಇಲ್ಲದ ಪೆಟ್ರೋಲ್ ಲೆಕ್ಕ. ಇ10ಗೆ (10% ಎಥನಾಲ್) ಅದು ಸುಮಾರು 14.1, ಇ20ಗೆ (20%) ಸುಮಾರು 13.5. ಈಗ ಬಂಕ್‌ನಲ್ಲಿ ಸಿಗುವುದು ಇ20. ಹಾಗಾಗಿ ಎಎಫ್‌ಆರ್ ನೋಡುತ್ತಾ ಕೂತರೆ ಗೊಂದಲ ತಪ್ಪಿದ್ದಲ್ಲ. ಮೀಟರಿನ ಅಂಕಿಯನ್ನು 14.7ರಿಂದ ಭಾಗಿಸಿ ಲ್ಯಾಂಬ್ಡಾ ಮಾಡಿಕೊಳ್ಳಿ. ಪೆಟ್ರೋಲ್ ಯಾವುದೇ ಇರಲಿ, ಲ್ಯಾಂಬ್ಡಾ ಅರ್ಥ ಬದಲಾಗುವುದಿಲ್ಲ.

ನಿಮ್ಮ 14.1 ಅಂದರೆ 0.96. 12.7 ಅಂದರೆ 0.86. ಟರ್ಬೋ ಇಲ್ಲದ ಎಂಜಿನ್ ಫುಲ್ ಥ್ರಾಟಲ್‌ನಲ್ಲಿ 0.86ರಿಂದ 0.90ರೊಳಗೆ ಇರಬೇಕು. ಮಧ್ಯದಲ್ಲಿ ಲೀನ್, ತುದಿಯಲ್ಲಿ ಒಂದು ಕೂದಲು ರಿಚ್.

2021ರಲ್ಲಿ ಇದೇ ಸೆಟ್ಟಿಂಗ್ ಯಾಕೆ ತೊಂದರೆ ಕೊಡಲಿಲ್ಲ ಎಂದರೆ, ಆಗ ಪೆಟ್ರೋಲ್‌ನಲ್ಲಿ ಎಥನಾಲ್ ಕಡಿಮೆ ಇತ್ತು. ಇ10 ಎಂದೇ ಇಟ್ಟುಕೊಂಡರೂ ಇ20ಗೆ ಬರುವಾಗ ಫುಲ್ ಥ್ರಾಟಲ್‌ನಲ್ಲಿ ಸುಮಾರು 4% ಲೀನ್ ಆಗುತ್ತದೆ. ನಿಮ್ಮ 0.96 ಆಗ 0.92 ಇತ್ತು. ಆಗಲೂ ಸ್ವಲ್ಪ ಲೀನೇ, ಆದರೆ ತಡೆದುಕೊಳ್ಳುವ ಮಟ್ಟದಲ್ಲಿತ್ತು. ಎಥನಾಲ್ ಆಕ್ಟೇನ್ ಜಾಸ್ತಿ ಮಾಡುತ್ತದೆ, ನಾಕಿಂಗ್ ತಡೆಯಲು ಅದು ಒಳ್ಳೆಯದೇ. ಅದರ ಲಾಭ ಸಿಗಬೇಕಾದರೆ ಮಿಕ್ಸ್ಚರ್ ಸರಿ ಇರಬೇಕು, ಅಷ್ಟೇ.

ಅಡಿಕೆ ತೋಟದ ಜಿಪ್ಸಿ

ಆದರೆ ಆಕ್ಸಿಜನ್ ಸೆನ್ಸರ್ ಇದೆಯಲ್ಲ, ಇಸಿಯು ತಾನೇ ಸರಿ ಮಾಡಿಕೊಳ್ಳುವುದಿಲ್ಲವೇ?

ಲ್ಯಾಂಬ್ಡಾ ಒಂದು

ಅರ್ಧ ಥ್ರಾಟಲ್‌ನಲ್ಲಿ, ತೀರ್ಥಹಳ್ಳಿ ರಸ್ತೆಯಲ್ಲಿ ಆರಾಮಾಗಿ ಹೋಗುವಾಗ ಮಾಡಿಕೊಳ್ಳುತ್ತದೆ. ಅದನ್ನು ಕ್ಲೋಸ್ಡ್ ಲೂಪ್ ಅನ್ನುತ್ತಾರೆ. ಕಂಪನಿಯ ಸೆನ್ಸರ್ ನ್ಯಾರೋಬ್ಯಾಂಡ್. ಲ್ಯಾಂಬ್ಡಾ 1ರ ಆಚೆಯೋ ಈಚೆಯೋ ಎಂದು ಮಾತ್ರ ಹೇಳಬಲ್ಲದು, 0.88 ಎಂದರೆ ಏನು ಎಂದು ಅದಕ್ಕೆ ಗೊತ್ತಿಲ್ಲ. ಪೂರ್ತಿ ತುಳಿದ ಕೂಡಲೇ ಇಸಿಯು ಅದರ ಮಾತು ಕೇಳುವುದನ್ನು ಬಿಟ್ಟು ಟೇಬಲ್ ನೋಡಿ ಪೆಟ್ರೋಲ್ ಬಿಡುತ್ತದೆ. ಡೈನೋ ಮಾಡಿಸುವುದು ಮುಖ್ಯವಾಗಿ ಆ ಜಾಗಕ್ಕೆ.

ತುಂಗಾತೀರದ ಸ್ವಿಫ್ಟ್

ಇಷ್ಟು ತಾಳ್ಮೆಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಸ್ಪ್ಯಾನರ್ ಅಣ್ಣ ಹೇಳಿದ ಕ್ರಮದಲ್ಲೇ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನೋಡಿಸಿದೆ. ಪ್ಲಗ್ ಸವೆದಿರಲಿಲ್ಲ. ಎರಡನೇ ಸಿಲಿಂಡರ್ ಪ್ಲಗ್ ಪಿಂಗಾಣಿ ಮೇಲೆ ಸಣ್ಣ ಚುಕ್ಕೆಗಳಿದ್ದವು. ಹೊಸ ಸೆಟ್ ಹಾಕಿಸಿದೆ. ಟ್ಯಾಂಕ್ ಫಿಲ್ಟರ್ ಬದಲಾಯಿಸಿದೆವು. ಫ್ಯುಯಲ್ ಪ್ರೆಷರ್ ಗೇಜ್ ಕಟ್ಟಿಕೊಂಡು ರಸ್ತೆಯಲ್ಲಿ ಪೂರ್ತಿ ತುಳಿದು ನೋಡಿದೆವು, ಮುಳ್ಳು ಅಲ್ಲಾಡಲಿಲ್ಲ. ಹೆಡರ್ ಲೀಕ್ ಇಲ್ಲ. ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ (ಇಸಿಯು ತಾನೇ ಕಲಿತು ಪೆಟ್ರೋಲ್ ಎಷ್ಟು ಪರ್ಸೆಂಟ್ ಸೇರಿಸಿದೆ ಅಥವಾ ಕಳೆದಿದೆ ಎನ್ನುವ ಅಂಕಿ) ಐಡಲ್‌ನಲ್ಲಿ +3, 2,500ರಲ್ಲಿ +6 ತೋರಿಸಿತು.

ಬಾಕ್ಸ್ ಬಗ್ಗೆಯೂ ಕೇಳಿ ತಿಳಿದುಕೊಂಡೆ. ಅದು ಮ್ಯಾಪ್ ಸೆನ್ಸರ್ ಸಿಗ್ನಲ್ ಬದಲಾಯಿಸುವ ಥರದ್ದು. 2021ರಲ್ಲಿ ಕೆಳಗಿನಿಂದ ಮೇಲಿನವರೆಗೂ ಒಂದೇ ಅಳತೆಯಲ್ಲಿ ಪೆಟ್ರೋಲ್ ಏರಿಸಿದ್ದಾರೆ.

ಹಳೇ ಸ್ಪ್ಯಾನರ್

ಆ ಚುಕ್ಕೆ ನೋಡಿದಿರಲ್ಲ, ಅದೇ ಸಾಕ್ಷಿ. ಎಂಜಿನ್‌ಗೆ ಇನ್ನೂ ಏಟು ಬಿದ್ದಿಲ್ಲ ಎಂದುಕೊಳ್ಳೋಣ. ಕಂಪ್ರೆಶನ್ ಒಮ್ಮೆ ನೋಡಿಸಿಬಿಡಿ, ಮನಸ್ಸಿಗೆ ನೆಮ್ಮದಿ. ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿ. 2008ರ ರಬ್ಬರ್ ಇಷ್ಟು ಎಥನಾಲ್‌ಗೆ ಮಾಡಿದ್ದಲ್ಲ.

ಲ್ಯಾಂಬ್ಡಾ ಒಂದು

ಟ್ರಿಮ್ ಚೆನ್ನಾಗಿದೆ. ವ್ಯಾಕ್ಯೂಮ್ ಲೀಕ್ ಇದ್ದಿದ್ದರೆ ಐಡಲ್‌ನಲ್ಲೇ ಜಾಸ್ತಿ ಇರಬೇಕಿತ್ತು. ಈ +3, +6 ಬರಲು ಇ20 ಒಂದೇ ಸಾಕು.

ಬಾಕ್ಸ್ ವಿಷಯದಲ್ಲಿ ಎರಡು ಮಾತು. ಮ್ಯಾಪ್ ಸಿಗ್ನಲ್ ಏರಿಸಿದರೆ ಇಸಿಯು 'ಲೋಡ್ ಜಾಸ್ತಿಯಾಯಿತು' ಎಂದುಕೊಳ್ಳುತ್ತದೆ. ಪೆಟ್ರೋಲ್ ಸೇರಿಸುತ್ತದೆ, ಜೊತೆಗೆ ಇಗ್ನಿಷನ್ ಟೈಮಿಂಗ್ ಕೂಡ ಹಿಂದಕ್ಕೆ ಎಳೆಯುತ್ತದೆ. ನಿಮಗೆ ಅಲ್ಲಿ ನಾಕಿಂಗ್ ಇರುವುದರಿಂದ ಅದು ಸದ್ಯಕ್ಕೆ ಒಳ್ಳೆಯದೇ, ಆದರೆ ಅದೂ ಆಗುತ್ತಿದೆ ಎಂದು ಗೊತ್ತಿರಬೇಕು. ಎರಡನೆಯದು, ಅರ್ಧ ಥ್ರಾಟಲ್ ಜಾಗದಲ್ಲಿ ಬಾಕ್ಸನ್ನು ಸೊನ್ನೆಗೆ ತನ್ನಿ. ಅಲ್ಲಿ ನೀವು ಸೇರಿಸಿದ್ದನ್ನು ಇಸಿಯು ಕೆಲವೇ ದಿನದಲ್ಲಿ ಕಲಿತು ಕಳೆದುಬಿಡುತ್ತದೆ. ಸುಮ್ನೆ ಎರಡೂ ಜಗಳ ಆಡುತ್ತಿರುತ್ತವೆ.

ಫುಲ್ ಥ್ರಾಟಲ್‌ನಲ್ಲಿ ಲೆಕ್ಕ ಸುಲಭ. ಈಗಿನ ಲ್ಯಾಂಬ್ಡಾವನ್ನು ಬೇಕಾದ ಲ್ಯಾಂಬ್ಡಾದಿಂದ ಭಾಗಿಸಿ. 0.96 ಇದೆ, 0.88 ಬೇಕು. ಭಾಗಿಸಿದರೆ 1.09. ಅಂದರೆ 4,800ರಲ್ಲಿ 9% ಪೆಟ್ರೋಲ್ ಸೇರಬೇಕು. 5,200ರಲ್ಲಿ 8. 4,400ರಲ್ಲಿ 3 ಅಥವಾ 4. 3,000ದಲ್ಲಿ ಮುಟ್ಟಬೇಡಿ. 6,100ರಲ್ಲಿ ಬೇಕಾದರೆ 1 ಕಳೆಯಬಹುದು, ನಾನಾಗಿದ್ದರೆ ಹಾಗೇ ಬಿಡುತ್ತೇನೆ.

ಒಂದು ಎಚ್ಚರಿಕೆ. ಡೈನೋದವರು ಸೆನ್ಸರನ್ನು ಸೈಲೆನ್ಸರ್ ತುದಿಗೆ ತೂರಿಸಿದ್ದರೆ ಹೊಗೆ ಅಲ್ಲಿಗೆ ಮುಟ್ಟಲು, ಸೆನ್ಸರ್ ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕು. ಆರ್‌ಪಿಎಂ ಸೆಕೆಂಡಿಗೆ 300 ಏರುತ್ತಿದ್ದರೆ, ಅರ್ಧ ಸೆಕೆಂಡ್ ತಡ ಎಂದರೂ 150 ಆರ್‌ಪಿಎಂ ವ್ಯತ್ಯಾಸ. ಶೀಟಿನಲ್ಲಿ 4,800 ಎಂದು ಕಂಡದ್ದು ನಿಜವಾಗಿ 4,650 ಇರಬಹುದು. ಈ ಸಲ ಹೆಡರ್ ಕೆಳಗೆ, ಕ್ಯಾಟ್‌ಗೆ ಮುಂಚೆ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಬಾಯಿ) ಬೆಸುಗೆ ಹಾಕಿಸಿ ಸೆನ್ಸರ್ ಅಲ್ಲೇ ಕೂರಿಸಿ.

ಭದ್ರಾವತಿ ಬೋಲ್ಟ್

ಹಾಗಾದ್ರೆ 9% ಸೇರಿಸಿದ್ರೆ ಪವರ್ ಎಷ್ಟು ಏರುತ್ತೆ?

ಲ್ಯಾಂಬ್ಡಾ ಒಂದು

ಬಹಳ ಕಡಿಮೆ. 0.86ರಿಂದ 0.92ರವರೆಗೆ ಟಾರ್ಕ್ ಹೆಚ್ಚು ಕಡಿಮೆ ಒಂದೇ. 0.96ರಿಂದ ಬಂದರೂ ಒಂದೆರಡು ಪರ್ಸೆಂಟ್. ಪೆಟ್ರೋಲ್ ಸೇರಿಸುವುದು ಎಂಜಿನ್ ತಣ್ಣಗಿರಲಿ, ನಾಕಿಂಗ್ ಬಾರದಿರಲಿ ಎಂದು. ಪವರ್ ಬೇಕಾದರೆ ಟೈಮಿಂಗ್‌ನಲ್ಲಿ ಹುಡುಕಬೇಕು. ಅದಕ್ಕೆ ಟೈಮಿಂಗ್ ಮುಟ್ಟುವ ಬಾಕ್ಸ್ ಬೇಕು, ನಾಕ್ ಕೇಳುವ ಹೆಡ್‌ಫೋನ್ ಬೇಕು, ಒಂದೊಂದೇ ಡಿಗ್ರಿ ಏರಿಸುವ ತಾಳ್ಮೆ ಬೇಕು.

ಆಗುಂಬೆ ಏರು

ಮಧ್ಯೆ ಒಂದು ಮಾತು. ಕ್ಯಾಟ್ ಬಿಟ್ಟಿದ್ದು ಒಳ್ಳೆಯದಾಯಿತು, ತೆಗೆಯಬೇಡಿ. ಗಾಡಿಯನ್ನು ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಮಾಡುವ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿಯೇ ಹೇಳಿದೆ. ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ಇದು ದೊಡ್ಡ ವಿಷಯವಾಗುತ್ತದೆ. ಹಳೇ ಮ್ಯಾನಿಫೋಲ್ಡ್ ಎಸೆಯದೆ ಇಟ್ಟುಕೊಳ್ಳಿ.

ತುಂಗಾತೀರದ ಸ್ವಿಫ್ಟ್

ಮತ್ತೆ ಅದೇ ಡೈನೋಗೆ ಹೋಗಿ ಬಂದೆ. ಬಂಗ್ ಹಾಕಿಸಿ, ಸೆನ್ಸರ್ ಮುಂದೆ ಕೂರಿಸಿ ಮೊದಲು ಏನೂ ಬದಲಾಯಿಸದೆ ಓಡಿಸಿದೆವು. ಲೀನ್ ಗುಡ್ಡ ಈಗ 4,650ರ ಹತ್ತಿರ ಬಂತು, ಎತ್ತರ ಅಷ್ಟೇ, 0.96. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋದರು. ಈಗ 3,000ದಿಂದ 6,000ದವರೆಗೆ 0.87, 0.89ರೊಳಗೆ ಇದೆ. ಅದೇ ಎಸ್‌ಎಇ ಲೆಕ್ಕದಲ್ಲಿ ಪವರ್ 79.9. ಟಾರ್ಕ್ 105.

ನಿನ್ನೆ ಮಧ್ಯಾಹ್ನ ಸೋಮೇಶ್ವರದಿಂದ ಹತ್ತಿಸಿದೆ. ನಾಕಿಂಗ್ ಸದ್ದು ಕೇಳಲಿಲ್ಲ. ಕಂಪ್ರೆಶನ್ ಕೂಡ ನೋಡಿಸಿದೆ, ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರವೇ ಇವೆ.

ಭದ್ರಾವತಿ ಬೋಲ್ಟ್

ಅಂದ್ರೆ ಅರ್ಧ ಬಿಎಚ್‌ಪಿ ಏರಿದ್ದು!

ಲ್ಯಾಂಬ್ಡಾ ಒಂದು

ಆ ಅರ್ಧವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಒಂದೇ ಗಾಡಿಯನ್ನು ಬೆನ್ನುಬೆನ್ನಿಗೆ ಓಡಿಸಿದರೂ 1% ಅತ್ತಿತ್ತ ಆಗುತ್ತದೆ. ಇಲ್ಲಿ ನೋಡಬೇಕಾದ್ದು 0.96 ಹೋಗಿ 0.88 ಆದದ್ದು. ಅದು ನಿಜವಾದ ಬದಲಾವಣೆ, ಬಹಳ ಚೆನ್ನಾಗಿ ಆಗಿದೆ.

ಮುಂದಿನ ಕೆಲಸ ಏರ್ ಫಿಲ್ಟರ್. ಬಾನೆಟ್ ಒಳಗಿನ ಬಿಸಿ ಗಾಳಿ ಬಿಟ್ಟು ಗ್ರಿಲ್ ಹಿಂದಿನಿಂದ ಗಾಳಿ ಬರುವ ಹಾಗೆ ಮಾಡಿಸಿ. ಪೈಪಿನ ಬಾಯಿ ಬಂಪರ್ ಕೆಳಗೆ ಇಳಿಯದಿರಲಿ, ನಮ್ಮ ಕಡೆ ಜುಲೈನಲ್ಲಿ ರಸ್ತೆ ಮೇಲೆ ನಿಲ್ಲುವ ನೀರಿಗೆ ಎಂಜಿನ್ ನೀರು ಕುಡಿಯುವ ಅಪಾಯವಿದೆ.

ಹಳೇ ಸ್ಪ್ಯಾನರ್

ಕಂಪನಿಯ ಹಳೇ ಏರ್ ಬಾಕ್ಸ್ ಇದ್ದರೆ ಅದನ್ನೇ ಹಾಕಿ, ಒಳಗೆ ಒಳ್ಳೆಯ ಫಿಲ್ಟರ್ ಇಡಿ. ಈ ಎಂಜಿನ್‌ಗೆ ಅದು ಧಾರಾಳ ಸಾಕು. ಸಾವಿರ ಕಿಲೋಮೀಟರ್ ಆದ ಮೇಲೆ ಎರಡನೇ ಸಿಲಿಂಡರ್ ಪ್ಲಗ್ ಬಿಚ್ಚಿ, ಫೋಟೋ ಹಾಕಿ. ಚುಕ್ಕೆ ಮತ್ತೆ ಬಂದಿದ್ದರೆ ಆ ಇಂಜೆಕ್ಟರ್ ಒಂದನ್ನು ಫ್ಲೋ ಟೆಸ್ಟ್ ಮಾಡಿಸೋಣ. ಸೆನ್ಸರ್ ತೋರಿಸುವುದು ನಾಲ್ಕು ಸಿಲಿಂಡರ್‌ಗಳ ಸರಾಸರಿ. ಒಂದರಲ್ಲೇ ಪೆಟ್ರೋಲ್ ಕಡಿಮೆ ಬೀಳುತ್ತಿದ್ದರೆ ಅದು ಡೈನೋ ಶೀಟಿನಲ್ಲಿ ಕಾಣುವುದಿಲ್ಲ.

ತುಂಗಾತೀರದ ಸ್ವಿಫ್ಟ್

ಸರಿ ಅಣ್ಣ. ಏರ್ ಬಾಕ್ಸ್ ಅಟ್ಟದ ಮೇಲೇ ಇದೆ, ಈ ಭಾನುವಾರ ಹಾಕುತ್ತೇನೆ. ಅದು ಬದಲಾದರೆ ಫುಲ್ ಥ್ರಾಟಲ್ ಮಿಕ್ಸ್ಚರ್ ಮತ್ತೆ ಸ್ವಲ್ಪ ಅಲ್ಲಾಡಬಹುದಲ್ವಾ? ಬಂಗ್ ಹೇಗೂ ಇದೆ, ವೈಡ್‌ಬ್ಯಾಂಡ್ ಗೇಜ್ ಕಟ್ಟಿಕೊಂಡು ರಸ್ತೆಯಲ್ಲೇ ನೋಡಿ ಲ್ಯಾಂಬ್ಡಾದಲ್ಲಿ ಅಂಕಿ ಹಾಕುತ್ತೇನೆ.